ಜಗಳ ಇದ್ದದ್ದು ಸುಂಕದ ಕಟ್ಟೆಯಲ್ಲಿ

ಓದುಗರ ಪತ್ರ: ಅಮೆರಿಕದ ಮೊದಲ ಪಕ್ಷಗಳ ಬಗ್ಗೆ ಹೋದ ಸಂಚಿಕೆಯಲ್ಲಿ ಬಂದ ಲೇಖನ ಇಷ್ಟವಾಯಿತು. ಆದರೆ ಒಂದು ಪ್ರಶ್ನೆ. ಫೆಡರಲಿಸ್ಟರು ಬ್ರಿಟನ್ ಪರ, ರಿಪಬ್ಲಿಕನ್ನರು ಫ್ರಾನ್ಸ್ ಪರ ಅಂತ ಎಲ್ಲ ಕಡೆ ಬರೆಯುತ್ತಾರೆ. ಬ್ರಿಟಿಷರನ್ನು ಸೋಲಿಸಿ ಸ್ವಾತಂತ್ರ್ಯ ಪಡೆದವರೇ ಇಷ್ಟು ಬೇಗ ಅವರ ಪರ ಹೇಗಾದರು? – ಓದುಗರು, ಶಿವಮೊಗ್ಗ

ಸಂಪಾದಕರ ಉತ್ತರ: ನಿಮ್ಮ ಅನುಮಾನ ಸರಿಯಾಗಿದೆ. ಫೆಡರಲಿಸ್ಟರ ಮುಂದಾಳು, ದೇಶದ ಮೊದಲ ಖಜಾನೆ ಮಂತ್ರಿ ಹ್ಯಾಮಿಲ್ಟನ್ 1781ರಲ್ಲಿ ಸ್ವಾತಂತ್ರ್ಯ ಯುದ್ಧದ ಯಾರ್ಕ್‌ಟೌನ್ ಕದನದಲ್ಲಿ ಬ್ರಿಟಿಷರ ಮೇಲೆ ನುಗ್ಗಿದ ಪಡೆಯ ಮುಂದೆ ಇದ್ದವರು. (ಅಲ್ಲಿ ಸೋತ ಕಾರ್ನ್‌ವಾಲಿಸ್ಸೇ 1792ರಲ್ಲಿ ನಮ್ಮ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ್ದು.) ಹ್ಯಾಮಿಲ್ಟನ್ನರನ್ನು ಬ್ರಿಟನ್ ಭಕ್ತ ಅಂದದ್ದು ಎದುರಾಳಿಗಳು. ಅವರ ಚಿಂತೆ ಇದ್ದದ್ದು ಖಜಾನೆಯದು.

ಹೊಸ ಸರ್ಕಾರದ ಆದಾಯದಲ್ಲಿ ಬಹುಪಾಲು ಆಮದು ಸುಂಕದಿಂದ ಬರುತ್ತಿತ್ತು. ಆಮದಿನಲ್ಲಿ ಬಹುಪಾಲು ಬ್ರಿಟನ್ನಿನದು. ಬ್ರಿಟನ್ ಜೊತೆ ಜಗಳವಾಡಿದರೆ ಹಡಗು ನಿಲ್ಲುತ್ತದೆ, ಸುಂಕ ನಿಲ್ಲುತ್ತದೆ, ಯುದ್ಧದ ಸಾಲಕ್ಕೆ ಬಡ್ಡಿ ಕಟ್ಟಲು ಕಾಸಿರುವುದಿಲ್ಲ. ರಿಪಬ್ಲಿಕನ್ನರ (ಇಂದಿನ ರಿಪಬ್ಲಿಕನ್ ಪಕ್ಷ ಬೇರೆ) ಮುಂದಾಳುಗಳಾದ ಜೆಫರ್ಸನ್, ಮ್ಯಾಡಿಸನ್ ಇದನ್ನೇ ತಿರುಗಿಸಿ ಕೇಳಿದರು: ಖಜಾನೆಯ ಬೀಗದ ಕೈ ಲಂಡನ್ನಿನಲ್ಲಿದ್ದರೆ ಅದೆಂಥ ಸ್ವಾತಂತ್ರ್ಯ? ಎರಡೂ ವಾದದಲ್ಲಿ ಹುರುಳಿತ್ತು.

ಫ್ರಾನ್ಸ್ ಪ್ರೀತಿಯ ಮಾತೂ ಪೂರ್ತಿ ನಿಜವಲ್ಲ. 1793ರಲ್ಲಿ ಬ್ರಿಟನ್–ಫ್ರಾನ್ಸ್ ಯುದ್ಧ ಶುರುವಾದಾಗ ಅದರಲ್ಲಿ ಸೇರುವುದು ಬೇಡ ಅನ್ನುವುದಕ್ಕೆ ಆಗ ವಿದೇಶಾಂಗ ಮಂತ್ರಿಯಾಗಿದ್ದ ಜೆಫರ್ಸನ್ ಕೂಡ ಒಪ್ಪಿದ್ದರು. ಫ್ರಾನ್ಸಿನ ರಾಯಭಾರಿ ಜೆನೆ ಅಮೆರಿಕದ ಬಂದರುಗಳಲ್ಲೇ ಹಡಗುಗಳನ್ನು ಸಜ್ಜುಮಾಡಿ ಬ್ರಿಟಿಷರ ಮೇಲೆ ಬಿಟ್ಟಾಗ, ಆತನನ್ನು ವಾಪಸ್ ಕರೆಸಿಕೊಳ್ಳಿ ಎಂದು ಪತ್ರ ಬರೆದದ್ದೂ ಜೆಫರ್ಸನ್ನರೇ. ಜಗಳ ಬಂದದ್ದು ಬೇರೆ ಕಡೆ. ಕಾಂಗ್ರೆಸ್ಸನ್ನು, ಅಂದರೆ ಅಮೆರಿಕದ ಸಂಸತ್ತನ್ನು, ಕೇಳದೆ ಅಧ್ಯಕ್ಷರೊಬ್ಬರೇ ತಟಸ್ಥ ನೀತಿ ಸಾರಬಹುದೇ? ಹ್ಯಾಮಿಲ್ಟನ್ ಹೌದು ಎಂದರು, ಮ್ಯಾಡಿಸನ್ ಇಲ್ಲ ಎಂದರು. ಇಬ್ಬರೂ ಸುಳ್ಳು ಹೆಸರಿನಲ್ಲಿ ಪತ್ರಿಕೆಯಲ್ಲಿ ವಾದಿಸಿದರು.

ಎರಡೂ ಜಗಳ ಒಂದಾದದ್ದು ಜೇ ಒಪ್ಪಂದದಲ್ಲಿ. ಬ್ರಿಟಿಷರು ಕೆರಿಬಿಯನ್ ಸಮುದ್ರದಲ್ಲಿ ಅಮೆರಿಕದ ನೂರಾರು ಹಡಗು ಹಿಡಿದಿದ್ದರು. ಸಂಧಾನಕ್ಕೆ ಹೋದ ಅಮೆರಿಕದ ಮುಖ್ಯ ನ್ಯಾಯಮೂರ್ತಿ ಜಾನ್ ಜೇ 1794ರಲ್ಲಿ ಲಂಡನ್ನಿನಲ್ಲಿ ಸಹಿ ಹಾಕಿ ಬಂದರು. ಬ್ರಿಟಿಷರು ಬಿಡದೆ ಇಟ್ಟುಕೊಂಡಿದ್ದ ಡೆಟ್ರಾಯಿಟ್, ನಯಾಗರಾದಂಥ ಕೋಟೆಗಳು ಅಮೆರಿಕದ ಕೈಗೆ ಬರುವುದಾಯಿತು. ನಮ್ಮ ದೇಶದ ಬ್ರಿಟಿಷ್ ಬಂದರುಗಳಲ್ಲಿ ಅಮೆರಿಕದ ಹಡಗುಗಳು ವ್ಯಾಪಾರ ಮಾಡಬಹುದೆಂದೂ ಆಯಿತು. ಆದರೆ ಬ್ರಿಟಿಷ್ ನೌಕಾಪಡೆ ಅಮೆರಿಕದ ನಾವಿಕರನ್ನು ತನ್ನ ಹಡಗಿಗೆ ಬಲವಂತವಾಗಿ ಎಳೆದೊಯ್ಯುವ ಬಗ್ಗೆ ಒಂದು ಮಾತೂ ಇರಲಿಲ್ಲ. ಮೇಲ್ಮನೆಯಾದ ಸೆನೆಟ್ ಗುಟ್ಟಾಗಿ ಚರ್ಚಿಸಿ 20–10ರಲ್ಲಿ, ಬೇಕಿದ್ದ ಮೂರನೇ ಎರಡು ಭಾಗಕ್ಕೆ ಸರಿಯಾಗಿ, ಒಪ್ಪಿತು. ವಿಷಯ ಹೊರಬಿದ್ದ ಮೇಲೆ ಊರೂರಲ್ಲಿ ಜೇ ಪ್ರತಿಕೃತಿ ಸುಟ್ಟರು.

ನನಗೆ ತುಂಬ ಮುಖ್ಯ ಅನಿಸುವುದು ಆಮೇಲಿನದು. ಒಪ್ಪಂದ ಜಾರಿಗೆ ಹಣ ಬೇಕು, ಹಣ ಕೊಡುವುದು ಕೆಳಮನೆ. ಹಾಗಾದರೆ ಸಂಧಾನದ ಕಾಗದಪತ್ರ ತೋರಿಸಿ ಎಂದು ಕೆಳಮನೆ ಪಟ್ಟು ಹಿಡಿಯಿತು. ಕೊಡುವುದಿಲ್ಲ ಎಂದರು ಅಧ್ಯಕ್ಷ ವಾಷಿಂಗ್ಟನ್. 1796ರ ಏಪ್ರಿಲ್‌ನಲ್ಲಿ ಕೊನೆಗೆ 51–48ರಲ್ಲಿ ಹಣ ಮಂಜೂರಾಯಿತು. ಬರೀ ಮೂರು ಮತ! ಅಲ್ಲಿಯವರೆಗೆ ಗುಂಪುಗಳಂತಿದ್ದವರು ಈ ಮತದಾನದ ಹೊತ್ತಿಗೆ ಪಕ್ಷಗಳಾಗಿದ್ದರು.

ಮುಂದೆ ಫ್ರಾನ್ಸ್ ಸಂಧಾನಕ್ಕೆ ಬಂದ ಅಮೆರಿಕದ ದೂತರಿಂದ ಲಂಚ ಕೇಳಿ ಅವಮಾನ ಮಾಡಿತು. ಸಮುದ್ರದಲ್ಲಿ ಎರಡು ದೇಶಗಳ ಹಡಗುಗಳ ನಡುವೆ ಗುಂಡು ಹಾರಿತು. ಫೆಡರಲಿಸ್ಟರು 1798ರಲ್ಲಿ ಸರ್ಕಾರವನ್ನು ಟೀಕಿಸುವವರನ್ನು ಜೈಲಿಗಟ್ಟುವ ಕಾನೂನು ತಂದರು. ಇದು ದೊಡ್ಡ ತಪ್ಪು, ಇದಕ್ಕೆ ಸಮರ್ಥನೆಯೇ ಇಲ್ಲ. ಈ ಕಾನೂನಿನಡಿ ಜೈಲು ಸೇರಿದ ವರ್ಮಾಂಟಿನ ಕೆಳಮನೆ ಸದಸ್ಯ, ರಿಪಬ್ಲಿಕನ್ ಮ್ಯಾಥ್ಯೂ ಲಯನ್ ಜೈಲಿನಲ್ಲಿದ್ದೇ ಚುನಾವಣೆ ಗೆದ್ದರು.

ಹ್ಯಾಮಿಲ್ಟನ್ ಲೆಕ್ಕ ಸರಿಯೋ, ಜೆಫರ್ಸನ್ ಛಲ ಸರಿಯೋ ಅಂತ ನೀವು ಕೇಳಬಹುದು. ಜೆಫರ್ಸನ್ ಅಧ್ಯಕ್ಷರಾದ ಮೇಲೆ ಅದರ ಪರೀಕ್ಷೆಯೂ ನಡೆಯಿತು. ವ್ಯಾಪಾರ ನಿಲ್ಲಿಸಿದರೆ ಬ್ರಿಟನ್ನೂ ಫ್ರಾನ್ಸೂ ಬಗ್ಗುತ್ತವೆ ಎಂದು 1807ರಲ್ಲಿ ತಮ್ಮ ಹಡಗುಗಳನ್ನೇ ಬಂದರಿನಲ್ಲಿ ಕಟ್ಟಿಹಾಕಿದರು. ಒಂದೇ ವರ್ಷದಲ್ಲಿ ರಫ್ತು ಸುಮಾರು 10.8 ಕೋಟಿ ಡಾಲರ್‌ನಿಂದ 2.2 ಕೋಟಿಗೆ ಕುಸಿಯಿತು. ಎರಡು ದೇಶಗಳೂ ಬಗ್ಗಲಿಲ್ಲ. ಅಧಿಕಾರ ಬಿಡುವ ಮೂರು ದಿನ ಮುಂಚೆ, 1809ರ ಮಾರ್ಚ್ 1ರಂದು, ಆ ನಿರ್ಬಂಧ ತೆಗೆಯುವ ಕಾನೂನಿಗೆ ಜೆಫರ್ಸನ್ನರೇ ಸಹಿ ಹಾಕಬೇಕಾಯಿತು.