ಕ್ರೂಸ್ ಹಡಗು ಬೆಳಿಗ್ಗೆ ಲಿಸ್ಬನ್‌ಗೆ ಬರುವಾಗ ಬೆಲೆಂ ಗೋಪುರದ ಫೋಟೋ ತೆಗೆಯಲು ಯಾವ ಜೂಮ್ ಲೆನ್ಸ್, ಯಾವ ಟ್ರೈಪಾಡ್ ಕೊಳ್ಳಲಿ?

ಎರಡೂ ಬೇಡ. ಟ್ರೈಪಾಡ್ ಅಂತೂ ಖಂಡಿತ ಬೇಡ. ನೀವು ಕೇಳುತ್ತಿರುವ ಸಾಮಾನನ್ನೇ ಹೊತ್ತುಕೊಂಡು ನಾನೂ ಹೋಗಿದ್ದೆ.

ಲಿಸ್ಬನ್ ಇರುವ ಟೇಗಸ್ ನದಿಯ ಅಳಿವೆಯೊಳಗೆ ನಮ್ಮ ಹಡಗು ತಿರುಗಿದ್ದು ನಸುಕಿನಲ್ಲಿ. ಎಲ್ಲರಿಗಿಂತ ಮೊದಲೇ ಎದ್ದು, ತೀರಾ ಮೇಲಿನ ಡೆಕ್ಕಿನ ಎಡಗಡೆ ಜಾಗ ಹಿಡಿದು ಟ್ರೈಪಾಡ್ ಊರಿದ್ದೆ. ಒಳಬರುವಾಗ ಗೋಪುರ ಸಿಗುವುದು ಎಡಕ್ಕೇ, ಅಷ್ಟರ ಮಟ್ಟಿಗೆ ಲೆಕ್ಕ ಸರಿ. ಬೆಳಕು ಸಾಲದು. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ತೋರುವ ಸೂಕ್ಷ್ಮತೆ) ಏರಿಸಿದರೆ ನಾಯ್ಸ್, ಅಂದರೆ ಚಿತ್ರದಲ್ಲಿ ಮರಳಿನಂಥ ಚುಕ್ಕೆ, ಬಂದೀತೆಂಬ ಹೆದರಿಕೆ, ಹೇಗೂ ಟ್ರೈಪಾಡ್ ಇದೆಯಲ್ಲ ಎಂಬ ಧೈರ್ಯ. ಐಎಸ್‌ಒ 100ರಲ್ಲೇ ಬಿಟ್ಟು ಶಟರ್ ವೇಗವನ್ನು 1/15 ಸೆಕೆಂಡಿಗೆ ಇಳಿಸಿದೆ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಎಲ್ಲ ಚೆಂದವೇ ಕಂಡಿತು. ರಾತ್ರಿ ಲ್ಯಾಪ್‌ಟಾಪಿಗೆ ಹಾಕಿ ನೋಡಿದರೆ ಗೋಪುರದ ಅಂಚೆಲ್ಲ ಎರಡೆರಡು. ಇಟ್ಟುಕೊಳ್ಳುವಂಥದ್ದು ಒಂದೂ ಇಲ್ಲ.

ಯಾಕೆ ಹೀಗಾಯಿತು ಅಂತ ಬಿಡಿಸಿಯೇ ಹೇಳುತ್ತೇನೆ. ಊರಿದ ನೆಲ ಅಲುಗದಿದ್ದರೆ ಮಾತ್ರ ಟ್ರೈಪಾಡಿಗೆ ಬೆಲೆ. ಹಡಗಿನಲ್ಲಿ ಅಲುಗುವುದೇ ನೆಲ. ಎಂಜಿನ್, ಪ್ರೊಪೆಲ್ಲರ್‌ಗಳ ಸಣ್ಣ ನಡುಕ ಉಕ್ಕಿನ ಡೆಕ್ಕಿಗೆ, ಡೆಕ್ಕಿನಿಂದ ಟ್ರೈಪಾಡಿನ ಕಾಲಿಗೆ, ಅಲ್ಲಿಂದ ನೆಟ್ಟಗೆ ಲೆನ್ಸಿಗೆ ಏರುತ್ತದೆ. ನಿಮ್ಮ ಪಾದಕ್ಕೆ ಗೊತ್ತೇ ಆಗದ ಆ ನಡುಕವನ್ನು ಉದ್ದನೆಯ ಲೆನ್ಸ್ ಹಿಗ್ಗಿಸಿ ತೋರಿಸುತ್ತದೆ. ಮಂಡಿ, ಮೊಣಕೈ ಸಡಿಲವಾಗಿರುವ ನಮ್ಮ ಮೈ ಅದನ್ನು ಬಹುಪಾಲು ನುಂಗಿಕೊಳ್ಳುತ್ತದೆ. ಸಾಲದ್ದಕ್ಕೆ ಹಡಗು ಬೇರೆ ಚಲಿಸುತ್ತಿದೆ. ಹತ್ತು ನಾಟ್ ಎಂದರೆ ಸೆಕೆಂಡಿಗೆ ಐದು ಮೀಟರ್. ಆ ವೇಗದಲ್ಲಿ 1/15 ಸೆಕೆಂಡ್ ಶಟರ್ ತೆರೆದಿದ್ದರೆ ಅಷ್ಟರಲ್ಲಿ ನಾವೇ ಒಂದು ಅಡಿ ಮುಂದೆ! ಐಎಸ್‌ಒ 1600ಕ್ಕೋ 3200ಕ್ಕೋ ಏರಿಸಿ, ಕೈಯಲ್ಲೇ ಹಿಡಿದು, ಶಟರ್ ವೇಗ ಆದಷ್ಟು ಹೆಚ್ಚಿಸಿ ಹೊಡೆಯಬೇಕಿತ್ತು. ನಾಯ್ಸನ್ನು ಆಮೇಲೆ ಸಾಫ್ಟ್‌ವೇರಿನಲ್ಲಿ ತಗ್ಗಿಸಬಹುದು. ಅಲುಗಿದ್ದು ಅಲುಗಿದ್ದೇ. ಹಾಂ, ಅಂಚಿನ ಕಟಕಟೆಗೆ ಮೊಣಕೈ ಊರಿ ತೆಗೆದರೂ ಇದೇ ಗತಿ, ಅದೂ ಡೆಕ್ಕಿನ ಜೊತೆಗೇ ನಡುಗುತ್ತದೆ.

ಇನ್ನು ಬೆಳಿಗ್ಗೆಯೇ ಯಾಕೆ? ಬೇಸಿಗೆಯಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಈಶಾನ್ಯಕ್ಕೆ, ಗೋಪುರ ಇರುವುದು ನದಿಯ ಉತ್ತರ ದಡದಲ್ಲಿ. ಅಂದರೆ ನಮ್ಮ ಕಡೆಗಿರುವ ಮುಖ ನೆರಳು. ಸಂಜೆ ಹಡಗು ಹೊರಡುವಾಗ ಬಲಗಡೆ ನಿಲ್ಲಿ. ಗೋಪುರ ಪಕ್ಕಕ್ಕೆ ಬಂದಾಗ ಎಲ್ಲರೂ ಹೊಡೆದು ಮುಗಿಸುತ್ತಾರೆ. ನೀವು ಅದನ್ನು ದಾಟಿ ಸ್ವಲ್ಪ ಮುಂದೆ ಹೋದಮೇಲೆ ಹಿಂದಕ್ಕೆ ತಿರುಗಿ. ಬಿಳಿ ಸುಣ್ಣಕಲ್ಲಿನ ಮೇಲೆ ಪಡುವಣ ಬಿಸಿಲು, ಹಿಂದೆ ದೂರದಲ್ಲಿ ಕೆಂಪು ತೂಗುಸೇತುವೆ.

ನಿಲ್ಲುವುದು ಕೆಳಗಿನ ಡೆಕ್ಕಿನಲ್ಲಿ. ಗೋಪುರದ ಎತ್ತರ ಸುಮಾರು 30 ಮೀಟರ್, ದೊಡ್ಡ ಹಡಗಿನ ಮೇಲಿನ ಡೆಕ್ಕೂ ಹೆಚ್ಚುಕಡಿಮೆ ಅಷ್ಟೇ. ಅಲ್ಲಿಂದ ತೆಗೆದರೆ ಬಂದರು ಕಾಯಲು ಕಟ್ಟಿದ ಕೋಟೆ ಆಟಿಕೆಯ ಹಾಗೆ ಕಾಣುತ್ತದೆ. ನಿಮ್ಮಲ್ಲಿ 70-200 ಮಿ.ಮೀ. ಜೂಮ್ ಲೆನ್ಸ್ ಇದ್ದರೆ ಧಾರಾಳ ಸಾಕು. ಅದಕ್ಕಿಂತ ಉದ್ದದ್ದು ಬಿಸಿಲಲ್ಲಿ ನೀರಿನ ಮೇಲೆ ಕುಣಿಯುವ ಗಾಳಿಯನ್ನೂ ಸೇರಿಸಿ ಹಿಗ್ಗಿಸುತ್ತದೆ.

ಕೆತ್ತನೆ ಹತ್ತಿರದಿಂದ ಬೇಕೆಂದು ದೊಡ್ಡ ಜೂಮ್ ಹುಡುಕುತ್ತಿದ್ದರೆ ಅದು ಹಡಗಿನಿಂದ ಆಗುವ ಕೆಲಸವಲ್ಲ. ಈ ಗೋಪುರ ಪೋರ್ಚುಗಲ್ಲಿನ ದೊರೆ ಒಂದನೇ ಮ್ಯಾನುಯೆಲ್ ಕಟ್ಟಿಸಿದ್ದು. 1510ರಲ್ಲಿ ಹೊನ್ನಾವರದ ಹಡಗುಪಡೆಯ ನಾಯಕ ತಿಮೋಜಿಯ ನೆರವಿನಿಂದ ಪೋರ್ಚುಗೀಸ್ ಸೇನಾನಿ ಅಲ್ಬುಕರ್ಕ್ ಗೋವಾ ಗೆದ್ದದ್ದು ಇದೇ ದೊರೆಯ ಕಾಲದಲ್ಲಿ. ಗುಜರಾತಿನ ಸುಲ್ತಾನ ಕೊಟ್ಟ ಘೇಂಡಾಮೃಗವೊಂದು 1515ರಲ್ಲಿ ಲಿಸ್ಬನ್ನಿಗೆ ಬಂದಿಳಿದಿತ್ತು. ಗೋಪುರದ ಒಂದು ಕಾವಲುಗೂಡಿನ ಬುಡದಲ್ಲಿ ಘೇಂಡಾಮೃಗದ ತಲೆ ಕೆತ್ತಿದ್ದಾರೆ. ಅದನ್ನು ನೋಡಬೇಕಾದರೆ ಹಡಗು ಬಂದರಿನಲ್ಲಿ ನಿಂತಾಗ ಇಳಿದು 15ನೇ ನಂಬರಿನ ಟ್ರಾಮ್ ಹತ್ತಿ. ಕಲ್ಲು ತುಂಬಾ ಸವೆದಿದೆ, ಸ್ವಲ್ಪ ಹುಡುಕಬೇಕಾಗುತ್ತದೆ.