ಸಂಪಾದಕರ ಉತ್ತರ: ಚೀನಾದ ಹುಡುಗರು ಇಂಗ್ಲಿಷ್ ಕೇಳೋ ಪರೀಕ್ಷೆಲಿ ಪಾಸು, ಫೋನಲ್ಲಿ ಯಾಕೆ ಫೇಲು?

ತೀರ್ಥಹಳ್ಳಿ ಕಡೆಯ ನಿವೃತ್ತ ಇಂಗ್ಲಿಷ್ ಮೇಷ್ಟ್ರೊಬ್ಬರು ಹೋದ ಸಂಚಿಕೆಲಿ ಬಂದ ಚೀನಾ ಪರೀಕ್ಷೆಗಳ ಲೇಖನ ಓದಿ ಉದ್ದದ ಪತ್ರ ಬರ್ದಿದಾರೆ. ಹೆಸರು ಹಾಕ್ಬೇಡಿ ಅಂದಿದಾರೆ, ಹಾಕಿಲ್ಲ. ಪತ್ರದ ಸಾರ ಇಷ್ಟು. ಅವರ ತಂಗಿ ಮಗ ಶೆನ್‌ಝೆನ್‌ನಲ್ಲಿ ಕೆಲಸದಲ್ಲಿದಾನೆ, ಅವನ ಆಫೀಸಿನ ಚೀನೀ ಹುಡುಗರೆಲ್ಲ ಕಾಲೇಜು ಪ್ರವೇಶ ಪರೀಕ್ಷೆಲಿ ಇಂಗ್ಲಿಷ್‌ಗೆ 150ಕ್ಕೆ 130ರ ಮೇಲೆ ತಗೊಂಡವರಂತೆ, ಎಷ್ಟು ಉದ್ದದ ಮೇಲ್ ಕಳಿಸಿದ್ರೂ ಓದಿ ಅರ್ಥ ಮಾಡ್ಕೋತಾರಂತೆ, ಆದ್ರೆ ಇವನು ಫೋನ್ ಮಾಡಿದ್ರೆ ಕಟ್ ಮಾಡಿ "ಟೈಪ್ ಮಾಡು" ಅಂತ ಮೆಸೇಜ್ ಹಾಕ್ತಾರಂತೆ. ಮೇಷ್ಟ್ರ ಪ್ರಶ್ನೆ: ಹಾಗಿದ್ರೆ ಆ ಲಿಸನಿಂಗ್ ಟೆಸ್ಟು ಅಳತೆ ಮಾಡಿದ್ದಾದ್ರೂ ಏನನ್ನ? ಮೂರರಲ್ಲಿ ಒಂದಕ್ಕೆ ಗುರುತು ಹಾಕೋದೂ ಒಂದು ಪರೀಕ್ಷೆನಾ? ಅದನ್ನ ನಮ್ಮಲ್ಲೂ ತರ್ಬೇಕು ಅಂತ ಲೇಖಕರು ಬರ್ದಿದ್ದು ಸರೀನಾ? ಕೊನೆಗೊಂದು ಸಣ್ಣ ಪ್ರಶ್ನೆನೂ ಇದೆ, ಅಲ್ಲಿ ಎಲ್ಲರಿಗೂ ಇಂಗ್ಲಿಷೇ ಗತಿನಾ ಅಂತ.

ಮೇಷ್ಟ್ರೆ, ಮೊದಲು ನನ್ನ ಅಭಿಪ್ರಾಯ ಹೇಳ್ಬಿಡ್ತೀನಿ, ಆಮೇಲೆ ನೀವು ತಿದ್ದಬಹುದು. ಆ ಪೇಪರ್ ಕೆಟ್ಟ ಪೇಪರ್ ಅಲ್ಲ. ಇಷ್ಟನ್ನ ಅಳೀತೀನಿ ಅಂತ ಅದು ಹೊರಟಿರೋದನ್ನ ಹೆಚ್ಚುಕಮ್ಮಿ ಸರಿಯಾಗೇ ಅಳಿಯುತ್ತೆ. ಆದ್ರೆ ಆ ಅಳತೆ ಇರೋದು ಹುಡುಗನಿಗೆ ಇಂಗ್ಲಿಷ್ ಎಷ್ಟು ಬರುತ್ತೆ ಅಂತ ತಿಳ್ಕೊಳ್ಳೋಕಲ್ಲ, ಅವನನ್ನ ಸಾಲಲ್ಲಿ ಎಷ್ಟನೇ ಜಾಗದಲ್ಲಿ ನಿಲ್ಲಿಸ್ಬೇಕು ಅಂತ ನಿರ್ಧಾರ ಮಾಡೋಕೆ. 2024ರಲ್ಲಿ ಗಾವ್‌ಕಾವ್‌ಗೆ, ಅಂದ್ರೆ ಜೂನ್ 7ಕ್ಕೆ ಶುರುವಾಗೋ ಆ ಪ್ರವೇಶ ಪರೀಕ್ಷೆಗೆ, ಹೆಸರು ಕೊಟ್ಟವರು 1 ಕೋಟಿ 34 ಲಕ್ಷ ಜನ. ಹೆನಾನ್ ಅನ್ನೋ ಒಂದೇ ಪ್ರಾಂತ್ಯದಲ್ಲಿ ಹತ್ತು ಲಕ್ಷ ದಾಟುತ್ತೆ. ಇಷ್ಟು ಜನರನ್ನ ಕೂರಿಸಿ ಒಬ್ಬೊಬ್ಬರನ್ನೂ ಮಾತಾಡಿಸಿ ಮಾರ್ಕ್ಸ್ ಹಾಕೋದು ಯಾರ ಕೈಲಿ ಆಗುತ್ತೆ ಹೇಳಿ, ಅದಕ್ಕೇ ಮೆಷಿನ್ ತಿದ್ದೋ ಅಂಥ ಪ್ರಶ್ನೆ, ಪೆನ್ಸಿಲಲ್ಲಿ ಕಪ್ಪು ಮಾಡೋ ಉತ್ತರ ಪತ್ರಿಕೆ.

ಪೇಪರ್ ಹೇಗಿರುತ್ತೆ ಅಂತ ಕೇಳಿದ್ದೀರಿ. ಈಗ ತುಂಬಾ ಪ್ರಾಂತ್ಯಗಳಲ್ಲಿ ನಡೆಯೋ ರಾಷ್ಟ್ರೀಯ ಪೇಪರ್ ಲೆಕ್ಕ ಹೇಳ್ತೀನಿ. ಒಟ್ಟು 150 ಮಾರ್ಕ್ಸು, ಚೀನೀ ಭಾಷೆಗೂ ಗಣಿತಕ್ಕೂ ಅಷ್ಟೇ. ಲಿಸನಿಂಗ್‌ಗೆ 30, ರೀಡಿಂಗ್‌ಗೆ 50, ಬಿಟ್ಟ ಜಾಗ ತುಂಬೋದು ಮತ್ತು ವ್ಯಾಕರಣಕ್ಕೆ 30, ಬರವಣಿಗೆಗೆ 40. ಬರವಣಿಗೆಲಿ ಲಿ ಹುವಾ ಅನ್ನೋ ಕಾಲ್ಪನಿಕ ಹುಡುಗ ಒಬ್ಬ ಇದಾನೆ, ವರ್ಷಾನುಗಟ್ಟಲೆಯಿಂದ "ನೀನು ಲಿ ಹುವಾ, ನಿನ್ನ ವಿದೇಶಿ ಗೆಳೆಯನಿಗೆ ಪತ್ರ ಬರಿ" ಅಂತ ಕೇಳ್ತಾನೇ ಇದಾರೆ, ಇಡೀ ದೇಶದ ಹುಡುಗರು ಅವನ ಹೆಸರಲ್ಲಿ ಪತ್ರ ಬರ್ದು ಬರ್ದು ಅವನೊಂದು ಜೋಕೇ ಆಗ್ಬಿಟ್ಟಿದಾನೆ. ಅದಿರ್ಲಿ, ನೀವು ಕೇಳಿದ್ದು ಲಿಸನಿಂಗ್ ಬಗ್ಗೆ.

ಲಿಸನಿಂಗ್ ಶುರುವಾಗೋದೇ ಒಂದು ಶರ್ಟಿಂದ. ಹೇಗೆ ಉತ್ತರ ಹಾಕ್ಬೇಕು ಅಂತ ತೋರಿಸೋಕೆ ಒಂದು ಉದಾಹರಣೆ ಕೊಟ್ಟಿರ್ತಾರೆ: ಶರ್ಟಿನ ಬೆಲೆ ಎಷ್ಟು? ಎ, 19 ಪೌಂಡ್ 15 ಪೆನ್ಸ್. ಬಿ, 9 ಪೌಂಡ್ 18 ಪೆನ್ಸ್. ಸಿ, 9 ಪೌಂಡ್ 15 ಪೆನ್ಸ್. ಉತ್ತರ ಸಿ. ವರ್ಷ ವರ್ಷ ಅದೇ ಶರ್ಟು, ಅದೇ ಬೆಲೆ. ಚೀನಾದಲ್ಲಿ ಹೈಸ್ಕೂಲ್ ಓದಿದ ಯಾರನ್ನ ಬೇಕಾದ್ರೂ ಕೇಳಿ, ಆ ಸಾಲು ಬಾಯಲ್ಲೇ ಇರುತ್ತೆ, ಇಂಟರ್ನೆಟ್ಟಲ್ಲಿ ಅದರ ಮೇಲೆ ಸಿಕ್ಕಾಪಟ್ಟೆ ಮೀಮ್ ಇದಾವೆ. ಇಷ್ಟು ವರ್ಷ ಬೆಲೆ ಏರದೇ ಇರೋ ಬಟ್ಟೆ ಲೋಕದಲ್ಲಿ ಅದೊಂದೇ ಇರ್ಬೇಕು. ಆ ಸೂಚನೆ ಓದಿ ಮುಗಿಸೋ ಅಷ್ಟೊತ್ತಿಗೆ ಬುದ್ಧಿವಂತ ಹುಡುಗ ಅದನ್ನ ಕೇಳಿಸ್ಕೊಳ್ತಾನೇ ಇರಲ್ಲ, ಮುಂದಿನ ಪ್ರಶ್ನೆಗಳ ಆಪ್ಷನ್ ಓದ್ಕೋತಾ ಇರ್ತಾನೆ.

ಆಮೇಲೆ 20 ಪ್ರಶ್ನೆ, ಒಂದೊಂದಕ್ಕೆ ಒಂದೂವರೆ ಮಾರ್ಕ್ಸು. ಮೊದಲ ಐದು ಪುಟ್ಟ ಸಂಭಾಷಣೆ, ಒಂದೇ ಸಲ ಹಾಕ್ತಾರೆ, ಒಂದು ಮುಗಿದು ಇನ್ನೊಂದು ಶುರುವಾಗೋಕೆ ಮುಂಚೆ 10 ಸೆಕೆಂಡ್ ಟೈಮು. ಮಿಕ್ಕಿದ್ದು ಉದ್ದದವು, ಎರಡೆರಡು ಸಲ ಹಾಕ್ತಾರೆ. ಎಲ್ಲದಕ್ಕೂ ಮೂರೇ ಆಪ್ಷನ್. ನೀವು ಅಂದಿದ್ದು ಇಲ್ಲಿ ನಿಜ, ಕಣ್ಣು ಮುಚ್ಕೊಂಡು ಗುರುತು ಹಾಕ್ತಾ ಹೋದ್ರೂ ಸರಾಸರಿ 10 ಮಾರ್ಕ್ಸು ಬರೋ ಲೆಕ್ಕ.

ಪ್ರಶ್ನೆ ಯಾವ ತರಹದ್ದು ಅಂತ ತಿಳಿಯೋಕೆ ನಾನೇ ಒಂದು ಕಟ್ಟಿ ಹೇಳ್ತೀನಿ. ಹೆಂಗಸು ಕೇಳ್ತಾಳೆ, ನಮ್ಮ ರೈಲು 8:30ಕ್ಕಲ್ವಾ, ಓಡು ಓಡು. ಗಂಡಸು ಹೇಳ್ತಾನೆ, ಗಾಬರಿ ಬೇಡ, ಕಾಲು ಗಂಟೆ ಲೇಟಂತೆ, ಕಾಫಿ ಕುಡೀಬಹುದು. ಪ್ರಶ್ನೆ, ರೈಲು ಎಷ್ಟೊತ್ತಿಗೆ ಹೊರಡುತ್ತೆ? ಆಪ್ಷನ್ 8:15, 8:30, 8:45. ಕಿವಿಗೆ ಬಿದ್ದ ಸಮಯ 8:30 ಒಂದೇ, ಉತ್ತರ 8:45. ಇದು ಮೋಸ ಅಲ್ಲ ಮೇಷ್ಟ್ರೆ, ಮಾತು ಕೇಳಿ ಅರ್ಥ ಆದವನಿಗೆ ಮಾತ್ರ ಉತ್ತರ ಸಿಗ್ಬೇಕು ಅಂತ ಪೇಪರ್ ಮಾಡಿದವರು ಯೋಚನೆ ಮಾಡಿರೋದು, ಒಳ್ಳೇ ಯೋಚನೆನೇ. ಆದ್ರೆ ಹತ್ತಾರು ವರ್ಷ ಇದೇ ನಡೆದ ಮೇಲೆ ಕ್ಲಾಸಲ್ಲಿ ಏನು ಹೇಳ್ಕೊಡ್ತಾರೆ ಗೊತ್ತಾ, "ಕಿವಿಗೆ ಬಿದ್ದಿದ್ದನ್ನ ಹಾಕ್ಬೇಡ." ಪೂರ್ತಿ ಸಂಭಾಷಣೆ ಅರ್ಥ ಆಗದೇ ಇದ್ರೂ 8:30 ಕೇಳಿಸ್ತಲ್ಲ, ಅದನ್ನ ಬಿಡು, ಲೇಟು ಅನ್ನೋ ಒಂದು ಪದ ಸಿಕ್ತಲ್ಲ, 8:45 ಹಾಕು. "ಆದ್ರೆ" ಅನ್ನೋ ಪದ ಬಂದ ತಕ್ಷಣ ಕಿವಿ ನಿಗುರಿಸು. ರೀಡಿಂಗ್‌ಗೂ ಇಂಥ ಸೂತ್ರ ಇದೆ, ಮೂರು ಉದ್ದ ಒಂದು ಗಿಡ್ಡ ಇದ್ರೆ ಗಿಡ್ಡದ್ದು ಹಾಕು, ಮೂರು ಗಿಡ್ಡ ಒಂದು ಉದ್ದ ಇದ್ರೆ ಉದ್ದದ್ದು ಹಾಕು ಅಂತ. ಚೀನೀ ಭಾಷೇಲಿ ಅದು ಪ್ರಾಸಬದ್ಧವಾಗಿದೆ, ಮಕ್ಕಳು ಮಗ್ಗಿ ತರ ಹೇಳ್ತಾರೆ, ಅದರಿಂದ ಎಷ್ಟು ಮಾರ್ಕ್ಸ್ ಬಂತೋ ದೇವರೇ ಬಲ್ಲ.

ಈಗ ನಿಮ್ಮ ತಂಗಿ ಮಗನ ಫೋನಿಗೆ ಬರೋಣ. ಪರೀಕ್ಷೆ ಆಡಿಯೋದಲ್ಲಿ ಸ್ಟುಡಿಯೋಲಿ ಕೂತು ಇಬ್ಬರು ಸರದಿ ಪ್ರಕಾರ ಸ್ಪಷ್ಟವಾಗಿ ಮಾತಾಡ್ತಾರೆ, ಬ್ರಿಟಿಷ್ ಇಲ್ಲಾ ಅಮೆರಿಕನ್ ಧಾಟಿ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಬೀಳಲ್ಲ. ಜೊತೆಗೆ ಯಾವುದಕ್ಕೋಸ್ಕರ ಕೇಳ್ಬೇಕು ಅಂತ ಮೊದಲೇ ಗೊತ್ತು, ಮೂರು ಆಪ್ಷನ್ ಎದುರಿಗೇ ಇದೆ, ಸಮಯ ಕೇಳ್ತಿದಾರೋ ಜಾಗ ಕೇಳ್ತಿದಾರೋ ಓದಿ ಆಗಿದೆ. ಫೋನಲ್ಲಿ ಆಪ್ಷನ್ ಯಾರು ಕೊಡ್ತಾರೆ? ಅದೂ ನಮ್ಮ ಹುಡುಗರ ಇಂಗ್ಲಿಷ್ ಹೇಗಿರುತ್ತೆ ನಿಮಗೆ ಗೊತ್ತಲ್ಲ, ಉಸಿರು ಬಿಡದೆ ಓಡುತ್ತೆ, ಆ ಧಾಟಿ ಆ ಚೀನೀ ಹುಡುಗನ ಕಿವಿಗೆ ಸ್ಕೂಲಲ್ಲಿ ಒಂದು ದಿನನೂ ಬಿದ್ದಿರಲ್ಲ. ಜೊತೆಗೆ ತಕ್ಷಣ ವಾಪಸ್ ಉತ್ತರ ಬೇರೆ ಕೊಡ್ಬೇಕು. ಹಾಗಾಗಿ ಅವನು ಟೈಪ್ ಮಾಡು ಅಂದ್ರೆ ಅದು ಸೋಮಾರಿತನನೂ ಅಲ್ಲ ಅಹಂಕಾರನೂ ಅಲ್ಲ, ಅವನಿಗೆ ಕೈ ಪಳಗಿರೋ ದಾರಿ ಅದು. ಅವನ 130ರಲ್ಲಿ ಹೆಚ್ಚಿನ ಪಾಲು ಓದಿ, ಬರ್ದು ಬಂದಿದ್ದು.

ರೀಡಿಂಗ್ ಬಗ್ಗೆ ಮಾತ್ರ ನಾನು ಅವರ ಪರ. ನಾಲ್ಕು ಪ್ಯಾಸೇಜು, 15 ಪ್ರಶ್ನೆ, ಒಂದೊಂದಕ್ಕೆ ಎರಡೂವರೆ ಮಾರ್ಕ್ಸು, ಜೊತೆಗೆ ಐದು ಖಾಲಿ ಜಾಗಕ್ಕೆ ಏಳು ವಾಕ್ಯದಲ್ಲಿ ಸರಿಯಾದ ಐದನ್ನ ಹುಡುಕಿ ಕೂರಿಸೋದು. ಮೊದಲನೇ ಪ್ಯಾಸೇಜು ಸುಲಭ, ಮ್ಯೂಸಿಯಂ ಟೈಮಿಂಗ್, ಟೂರ್ ಬಸ್ ಟಿಕೆಟ್, ಈ ತರ. ಕೊನೇದು ವಿಜ್ಞಾನವೋ ಸಮಾಜದ ವಿಷಯವೋ, ಸಾಮಾನ್ಯವಾಗಿ ಹೊರದೇಶದ ಪತ್ರಿಕೆ ಪುಸ್ತಕಗಳಿಂದ ತಗೊಂಡು ತಿದ್ದಿದ ಬರಹ, ಲೇಖಕನ ಧೋರಣೆ ಏನು, ಈ ಪದಕ್ಕೆ ಇಲ್ಲಿ ಏನರ್ಥ, ಮುಂದಿನ ಪ್ಯಾರಾದಲ್ಲಿ ಏನು ಬರಬಹುದು ಅಂತ ಕೇಳ್ತಾರೆ. ನಮ್ಮಲ್ಲಿ ಪಠ್ಯಪುಸ್ತಕದ ಪಾಠದಿಂದಲೇ ಪ್ರಶ್ನೆ ಕೇಳಿ, ಗೈಡ್‌ನಲ್ಲಿರೋ ಉತ್ತರವನ್ನೇ ಬರ್ದವನಿಗೆ ಪೂರ್ತಿ ಮಾರ್ಕ್ಸು ಕೊಡ್ತೀವಲ್ಲ, ಅಲ್ಲಿ ಅದು ನಡೆಯಲ್ಲ, ಕಂಡಿರದ ಬರಹ ಓದ್ಲೇಬೇಕು. ನೀವು ಮೂವತ್ತು ವರ್ಷ ಪಾಠ ಮಾಡಿದವರು, ಈ ವ್ಯತ್ಯಾಸ ಎಷ್ಟು ದೊಡ್ಡದು ಅಂತ ನಿಮಗೇ ಗೊತ್ತು.

ಇದು ಒಂದೇ ಸಲಕ್ಕೆ ಆಗಿದ್ದಲ್ಲ. 1977ರಲ್ಲಿ ಸಾಂಸ್ಕೃತಿಕ ಕ್ರಾಂತಿ ಮುಗಿದು ಪರೀಕ್ಷೆ ಮತ್ತೆ ಶುರುವಾದಾಗ ಇಂಗ್ಲಿಷಿಗೆ ಅಷ್ಟು ಬೆಲೆ ಇರ್ಲಿಲ್ಲ, ಮಾರ್ಕ್ಸು ಪೂರ್ತಿ ಲೆಕ್ಕಕ್ಕೆ ಬಂದಿದ್ದು 1983ರಲ್ಲಿ. 1985ರಲ್ಲಿ ಗುವಾಂಗ್‌ಡಾಂಗ್‌ನಲ್ಲಿ ಗುಯಿ ಶಿಚುನ್ ಅನ್ನೋ ಭಾಷಾ ಪ್ರಾಧ್ಯಾಪಕರ ಮುಂದಾಳತ್ವದಲ್ಲಿ ಬಹು ಆಯ್ಕೆಯ ಹೊಸ ಪರೀಕ್ಷೆ ಪ್ರಯೋಗಕ್ಕೆ ಬಂತು. ವ್ಯಾಕರಣ ಉರು ಹೊಡೆಯೋದು ನಿಲ್ಲಲಿ, ಭಾಷೆ ಬಳಸೋದು ಶುರುವಾಗ್ಲಿ ಅನ್ನೋದು ಉದ್ದೇಶ. ಲಿಸನಿಂಗ್ ಸೇರಿದ್ದು ಆಮೇಲೆ, 1990ರ ದಶಕದ ಕೊನೇಲಿ. ಚಿ ಲುಶಿಯಾ ಅನ್ನೋ ಸಂಶೋಧಕಿ 2000ರ ದಶಕದಲ್ಲಿ ಇದನ್ನೇ ಬೆನ್ನು ಹತ್ತಿ ಅಧ್ಯಯನ ಮಾಡಿದ್ರು, ಪರೀಕ್ಷೆ ಬದಲಾಯ್ತು ಸರಿ, ಪಾಠ ಬದಲಾಯ್ತಾ ಅಂತ. ಮೇಷ್ಟ್ರುಗಳು ಪೇಪರ್ ಮಾಡಿದವರ ಉದ್ದೇಶವನ್ನ ಹಿಡೀಲಿಲ್ಲ, ಪೇಪರ್‌ನ ಆಕಾರವನ್ನ ಹಿಡಿದ್ರು ಅನ್ನೋದು ಅವರು ಕಂಡುಕೊಂಡಿದ್ದು. ಬರವಣಿಗೆ ಪಾಠದಲ್ಲಂತೂ ಯಾರಿಗೆ ಬರೀತಿದೀವಿ ಅನ್ನೋದಕ್ಕಿಂತ ಅಕ್ಷರ ದುಂಡಗಿದೆಯಾ ಅನ್ನೋದೇ ಮುಖ್ಯ ಆಗಿತ್ತಂತೆ. ಹೆಬೇ ಪ್ರಾಂತ್ಯದ ಹೆಂಗ್‌ಶುಯಿ ಅನ್ನೋ ಊರಿನ ಹೆಸರಲ್ಲಿ ಒಂದು ಇಂಗ್ಲಿಷ್ ಕೈಬರಹದ ಶೈಲಿನೇ ಇದೆ, ಪ್ರಿಂಟ್ ಹೊಡೆದಂಗೆ ಕಾಣುತ್ತೆ, ಕಾಪಿ ಬರೆಯೋ ಪುಸ್ತಕ ಅಂಗಡಿಲಿ ಸಿಗುತ್ತೆ.

ಸಾಲು ಹಚ್ಚೋದೇ ಮುಖ್ಯ ಅಂದೆನಲ್ಲ, ಅದಕ್ಕೆ 2018ರ ಝೆಜಿಯಾಂಗ್ ಪ್ರಕರಣ ನೋಡಿ. ಆ ಪ್ರಾಂತ್ಯದಲ್ಲಿ ಹೊಸ ಸುಧಾರಣೆ ಪ್ರಕಾರ ಇಂಗ್ಲಿಷ್ ಪರೀಕ್ಷೆನ ಎರಡು ಸಲ ಬರೆಯೋ ಅವಕಾಶ ಕೊಟ್ಟಿದ್ರು. ನವೆಂಬರ್‌ನಲ್ಲಿ ನಡೆದ ಪರೀಕ್ಷೆ ಹಿಂದಿನ ಸಲಕ್ಕಿಂತ ಕಷ್ಟ ಆಗಿತ್ತು ಅಂತ ಅಧಿಕಾರಿಗಳು ರೀಡಿಂಗ್ ಮತ್ತು ಬರವಣಿಗೆಯ ಕೆಲವು ಪ್ರಶ್ನೆಗಳ ಮಾರ್ಕ್ಸನ್ನ ಮೊದಲೇ ಹೇಳದೆ ಕೇಳದೆ ಏರಿಸಿಬಿಟ್ರು. ಮಕ್ಕಳಿಗೆ ಒಳ್ಳೇದು ಮಾಡೋಣ ಅಂತನೇ ಇರ್ಬಹುದು, ಆದ್ರೆ ಒಬ್ಬನಿಗೆ ಏರಿದ್ದು ಇನ್ನೊಬ್ಬನಿಗೆ ಏರ್ಲಿಲ್ಲ ಅಂದ್ರೆ ಸಾಲಲ್ಲಿ ಜಾಗ ಬದಲಾಯ್ತು ಅಂತ ಲೆಕ್ಕ, ಪೋಷಕರು ಸಿಡಿದೆದ್ರು, ಪ್ರಾಂತ್ಯದ ಗವರ್ನರೇ ತನಿಖೆಗೆ ಇಳೀಬೇಕಾಯ್ತು, ಡಿಸೆಂಬರ್‌ನಲ್ಲಿ ಆ ಏರಿಕೆ ರದ್ದಾಗಿ ಮೂಲ ಮಾರ್ಕ್ಸೇ ವಾಪಸ್ ಬಂತು, ಶಿಕ್ಷಣ ಇಲಾಖೆ ಮುಖ್ಯಸ್ಥರ ಕುರ್ಚಿ ಹೋಯ್ತು. ಇಂಥ ಕಡೆ ಮೌಖಿಕ ಪರೀಕ್ಷೆ ತಂದು, ಪರೀಕ್ಷಕರು ತಮ್ಮ ಅಂದಾಜಿಗೆ 15ಕ್ಕೆ 11 ಅಂತ ಹಾಕಿದ್ರೆ ಏನಾಗುತ್ತೆ ಊಹೆ ಮಾಡ್ಕೊಳಿ. ಮೂರು ಆಪ್ಷನ್‌ಗೆ ಅವರು ಅಂಟ್ಕೊಂಡಿರೋದು ಪೆದ್ದತನದಿಂದಲ್ಲ.

ಹಾಗಂತ ಯಾರೂ ಏನೂ ಮಾಡಿಲ್ಲ ಅಂತಲ್ಲ. ಗುವಾಂಗ್‌ಡಾಂಗ್‌ನಲ್ಲಿ 2011ರಿಂದಲೇ ಕಂಪ್ಯೂಟರ್ ಮುಂದೆ ಕೂರಿಸಿ ಕೇಳೋದು ಮಾತಾಡೋದು ಎರಡನ್ನೂ ಒಟ್ಟಿಗೆ ಪರೀಕ್ಷೆ ಮಾಡ್ತಾರೆ. ಹೆಡ್‌ಫೋನ್ ಹಾಕ್ಕೊಂಡು ವಿಡಿಯೋ ನೋಡಿ ಅದೇ ಧಾಟಿಲಿ ಓದ್ಬೇಕು, ಆಮೇಲೆ ಒಂದು ಪಾತ್ರ ವಹಿಸಿ ಪ್ರಶ್ನೆ ಕೇಳಿ ಉತ್ತರ ಕೊಡ್ಬೇಕು, ಕೊನೇಲಿ ಒಂದು ಕಥೆ ಕೇಳಿಸ್ತಾರೆ, ಅದನ್ನ ಸ್ವಂತ ಮಾತಲ್ಲಿ ತಿರುಗಿ ಹೇಳ್ಬೇಕು. ಈ ಕಥೆ ಭಾಗ ನನಗೆ ಬಹಳ ಹಿಡಿಸ್ತು, ಇಲ್ಲಿ ಆಪ್ಷನ್ ನೋಡಿ ಊಹಿಸೋಕೆ ದಾರಿನೇ ಇಲ್ಲ, ಕೇಳಿಸ್ಕೊಂಡಿದ್ರೆ ಉಂಟು, ಇಲ್ಲಾಂದ್ರೆ ಇಲ್ಲ. ಬೀಜಿಂಗ್ ಇನ್ನೂ ಮುಂದೆ ಹೋಗಿದೆ, 2021ರಿಂದ ಅಲ್ಲಿ 150ರಲ್ಲಿ 50 ಮಾರ್ಕ್ಸು ಕಂಪ್ಯೂಟರಲ್ಲಿ ಕೇಳಿ ಮಾತಾಡೋದಕ್ಕೇ, ವರ್ಷಕ್ಕೆ ಎರಡು ಸಲ ಬರೀಬಹುದು, ಯಾವುದು ಜಾಸ್ತಿಯೋ ಅದೇ ಲೆಕ್ಕ. ಆದ್ರೆ ಇವೆರಡೂ ದುಡ್ಡಿರೋ ಜಾಗಗಳು. ಎಷ್ಟೋ ಕಡೆ ಈಗಲೂ ಲಿಸನಿಂಗ್ ನಡೆಯೋದು ಸ್ಕೂಲಿನ ಗೋಡೆಲಿರೋ ಸ್ಪೀಕರಲ್ಲಿ, ಅದಕ್ಕೇ ಆ ಹೊತ್ತಲ್ಲಿ ಪರೀಕ್ಷಾ ಕೇಂದ್ರದ ಸುತ್ತ ಹಾರ್ನ್ ಹೊಡೆಯೋ ಹಂಗಿಲ್ಲ, ಕಟ್ಟಡ ಕೆಲಸ ನಿಲ್ಲಿಸ್ತಾರೆ. ಕೊನೇ ಬೆಂಚಲ್ಲಿ ಕೂತವನಿಗೂ ಸ್ಪೀಕರ್ ಕೆಳಗೆ ಕೂತವನಿಗೂ ಒಂದೇ ತರ ಕೇಳಿಸುತ್ತಾ ಅನ್ನೋ ಪ್ರಶ್ನೆ ಇದ್ದೇ ಇದೆ.

ನಮ್ಮಲ್ಲಿ ತರೋ ವಿಷಯ. ಲೇಖಕರ ಅಭಿಪ್ರಾಯ ಲೇಖಕರದ್ದು, ನನ್ನದು ಬೇರೆ. ನಮ್ಮ ಎಸ್ಸೆಸ್ಸೆಲ್ಸಿ ಇಂಗ್ಲಿಷ್ ಪೇಪರಲ್ಲಿ ಆಡಿಯೋ ಹಾಕಿ ಕೇಳಿಸೋ ಭಾಗ ಇಲ್ಲ, ಇರ್ಬೇಕು ಅನ್ನೋದನ್ನ ಒಪ್ತೀನಿ, ಆದ್ರೆ ಮೂರು ಆಪ್ಷನ್‌ನ ಆ 30 ಮಾರ್ಕ್ಸನ್ನ ಹಾಗೇ ಎತ್ಕೊಂಡು ಬಂದ್ರೆ ಮರುವರ್ಷವೇ ಬೆಂಗಳೂರಲ್ಲಿ "ಲಿಸನಿಂಗ್ ಕ್ರ್ಯಾಶ್ ಕೋರ್ಸ್" ಬೋರ್ಡ್ ನೇತಾಡುತ್ತೆ. ತರೋದಾದ್ರೆ ಗುವಾಂಗ್‌ಡಾಂಗ್‌ನ ಆ ಕಥೆ ಕೇಳಿ ತಿರುಗಿ ಹೇಳೋದನ್ನ ತರಲಿ, ಅದೂ ಮೊದಲು ಮಾರ್ಕ್ಸಿಲ್ಲದೆ ಎಂಟನೇ ಕ್ಲಾಸಿಂದ. ಕಂಡಿರದ ಪ್ಯಾಸೇಜ್ ಓದಿಸೋದಕ್ಕಂತೂ ದುಡ್ಡೇ ಬೇಡ, ನಾಳೆಯಿಂದ್ಲೇ ಜಾಸ್ತಿ ಮಾಡಬಹುದು. ನೀವು ಇದನ್ನ ಒಪ್ಪಲ್ಲ ಅಂತ ನಿಮ್ಮ ಪತ್ರದ ಧಾಟಿ ನೋಡಿದ್ರೆ ಗೊತ್ತಾಗುತ್ತೆ, ಬರೀರಿ, ಹಾಕ್ತೀವಿ.

ಇನ್ನು ಕೊನೇ ಪ್ರಶ್ನೆ. ಇಂಗ್ಲಿಷೇ ಆಗ್ಬೇಕು ಅಂತಿಲ್ಲ, ರಷ್ಯನ್, ಜಪಾನೀಸ್, ಜರ್ಮನ್, ಫ್ರೆಂಚ್, ಸ್ಪ್ಯಾನಿಷ್ ಇವುಗಳಲ್ಲಿ ಒಂದನ್ನ ತಗೋಬಹುದು. ಈಚಿನ ವರ್ಷಗಳಲ್ಲಿ ಇಂಗ್ಲಿಷ್ ತಲೆಗೆ ಹತ್ತದ ಎಷ್ಟೋ ಹುಡುಗರು ಹೈಸ್ಕೂಲಿಗೆ ಬಂದ ಮೇಲೆ ಜಪಾನೀಸ್ ಕಡೆ ಜಿಗೀತಿದಾರೆ, ಜಪಾನೀ ಬರವಣಿಗೆಲಿ ಚೀನೀ ಅಕ್ಷರಗಳು ಇರೋದ್ರಿಂದ ಸೊನ್ನೆಯಿಂದ ಶುರು ಮಾಡಿದ್ರೂ ಬೇಗ ಹಿಡೀಬಹುದು ಅನ್ನೋ ಲೆಕ್ಕಾಚಾರ. ಆದ್ರೆ ಆ ಪೇಪರಲ್ಲೂ ಲಿಸನಿಂಗ್‌ಗೆ 30 ಮಾರ್ಕ್ಸು ಇದ್ದೇ ಇದೆ, ಅಲ್ಲೂ ಮೂರೇ ಆಪ್ಷನ್ನು.