ಬೇರೆ ಪಾತ್ರೆಯ ಸೂಪು

ಅವರಿಗೆ 41 ವರ್ಷ. ಮಂಡ್ಯ ಕಡೆಯವರು, ಈಗ ಮೈಸೂರಿನಲ್ಲಿ ಮನೆ. ಗುರುತು ಸಿಗುವ ಉಳಿದ ವಿವರಗಳನ್ನು ಬದಲಿಸಿದ್ದೇನೆ. ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದದ್ದು ತೂಕದ ಚಿಂತೆಗಲ್ಲ. "ಮೇಡಂ, ಮಕ್ಕಳ ಮೇಲೆ ಸುಮ್ಸುಮ್ನೆ ರೇಗ್ತೀನಿ. ರಾತ್ರಿ ನಿದ್ದೆನೂ ಬರಲ್ಲ" ಎಂದರು.

ಊಟದ ಬಗ್ಗೆ ಕೇಳಿದಾಗ ಸೂಪಿನ ವಿಷಯ ಹೊರಬಂತು. ಮೂರು ವಾರದಿಂದ ಮಧ್ಯಾಹ್ನ, ರಾತ್ರಿ ಎರಡೂ ಹೊತ್ತು ಎಲೆಕೋಸಿನ ಸೂಪು. ಮನೆಯವರಿಗೆಲ್ಲ ಅಡುಗೆ ಮಾಡಿಟ್ಟು, ತಮಗೆ ಬೇರೆ ಪಾತ್ರೆ. ಮೊದಲ ವಾರ ಎರಡೂವರೆ ಕಿಲೋ ಇಳಿಯಿತು. ಆಮೇಲೆ ಮುಳ್ಳು ಅಲ್ಲಾಡಲಿಲ್ಲ. ರಾತ್ರಿ ಹತ್ತರ ಮೇಲೆ ಅಡುಗೆಮನೆಯಲ್ಲಿ ನಿಂತು ಚಕ್ಕುಲಿ ತಿನ್ನುತ್ತಿದ್ದರಂತೆ. "ಮುಚ್ಚೋ ಸದ್ದು ಅತ್ತೆಗೆ ಕೇಳುತ್ತೆ ಅಂತ ಡಬ್ಬದ ಮುಚ್ಚಳ ಹಾಗೇ ಬಿಡ್ತಿದ್ದೆ."

ಶುರುವಾದದ್ದು ಒಂದು ಮದುವೆಯಲ್ಲಿ. ನಾದಿನಿ ಫೋಟೋ ನೋಡಿ, "ಅತ್ತಿಗೆ, ಇಬ್ಬರ ಜಾಗ ನೀವೊಬ್ರೇ ತಗೊಂಡಿದ್ದೀರಲ್ಲ" ಎಂದಿದ್ದರು. ಎಲ್ಲರೂ ನಕ್ಕಿದ್ದರು. ಇವರೂ ನಕ್ಕಿದ್ದರು.

ಮೊದಲು ವೈದ್ಯರ ಬಳಿ ಕಳಿಸಿದೆ. ಥೈರಾಯ್ಡ್, ಸಕ್ಕರೆ ಸರಿಯಿತ್ತು. ಹಿಮೋಗ್ಲೋಬಿನ್ 10.2, ಹೆಂಗಸರಿಗೆ 12 ಆದರೂ ಇರಬೇಕು. ತೂಕ ಸ್ವಲ್ಪ ಇಳಿಸಬೇಕು ಎಂದು ವೈದ್ಯರೂ ಹೇಳಿದರು. ಆದರೆ ಮೊದಲ ವಾರ ಇಳಿದದ್ದು ಬಹುಪಾಲು ನೀರು. ದೇಹ ಕೂಡಿಟ್ಟ ಪಿಷ್ಟದ ಒಂದೊಂದು ಗ್ರಾಂ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿರುತ್ತದೆ. ಪಿಷ್ಟ ಖಾಲಿಯಾದರೆ ಆ ನೀರೂ ಹೋಗುತ್ತದೆ. ಅವರ ಒಂದು ಬಟ್ಟಲು ಸೂಪಿನಲ್ಲಿ 60-70 ಕ್ಯಾಲೊರಿಗಿಂತ ಜಾಸ್ತಿ ಇರಲಿಲ್ಲ. ಅಷ್ಟರಲ್ಲಿ ಇಡೀ ಮಧ್ಯಾಹ್ನ ದೂಡಿದರೆ ಯಾರಿಗೆ ಸಿಟ್ಟು ಬರುವುದಿಲ್ಲ, ನಿದ್ದೆ ಎಲ್ಲಿಂದ ಬರಬೇಕು?

ಇಲ್ಲಿ ನಾನೂ ಒಂದು ತಪ್ಪು ಮಾಡಿದೆ. ತಿಂದದ್ದನ್ನೆಲ್ಲ ಕ್ಯಾಲೊರಿ ಸಮೇತ ಬರೆದಿಡಿ ಎಂದೆ. ನಾಲ್ಕು ದಿನ ಬರೆದರು, ಮುಂದಿನ ಭೇಟಿಗೆ ಬರಲೇ ಇಲ್ಲ. ಫೋನ್ ಮಾಡಿದಾಗ, "ಚಕ್ಕುಲಿ ಬರೆಯೋಕೆ ನಾಚಿಕೆಯಾಯ್ತು" ಎಂದರು. ಪುಸ್ತಕ ಬೇಡ, ನೀವು ಬನ್ನಿ ಎಂದೆ.

ಬಂದಾಗ ಕೇಳಿದೆ, ಮನೆಯವರಿಗೆ ನಿನ್ನೆ ಏನು ಮಾಡಿದ್ರಿ? "ದಂಟಿನ ಸೊಪ್ಪಿನ ಬಸ್ಸಾರು, ಮುದ್ದೆ." ನನಗೆ ನಗು ಬಂತು. ಬೇಳೆ, ಸೊಪ್ಪು ಬೇಯಿಸಿ ಬಸಿದ ಕಟ್ಟು ಇನ್ನೇನು, ಸೂಪೇ ಅಲ್ವಾ? ಖಾರ ಅರೆದು ಹಾಕುವ ಮೊದಲೇ ಒಂದು ಬಟ್ಟಲು ಕಟ್ಟು ತೆಗೆದಿಟ್ಟುಕೊಳ್ಳಿ, ಮೆಣಸು, ನಿಂಬೆರಸ ಹಾಕಿ ಕುಡಿಯಿರಿ, ಜೊತೆಗೆ ಬಸಿದ ಸೊಪ್ಪು ಬೇಳೆಯ ಪಲ್ಯ ಬಿಡಬೇಡಿ ಎಂದೆ.

ಬಸ್ಸಾರು ಇಲ್ಲದ ದಿನಕ್ಕೆ ಆಹಾರತಜ್ಞೆ ಹೇಳಿಕೊಟ್ಟದ್ದು ಹೀಗೆ. 30 ಗ್ರಾಂ ಹೆಸರುಬೇಳೆ, ಅಂದರೆ ಒಂದು ಹಿಡಿ. ಸೋರೆಕಾಯಿ, ಕ್ಯಾರೆಟ್, ಟೊಮೆಟೊ, ಒಂದು ಹಿಡಿ ಸೊಪ್ಪು, ಎಲ್ಲ ಸೇರಿ ಕಾಲು ಕಿಲೋ ಒಳಗೆ. ಒಂದು ಚಮಚ ಎಣ್ಣೆಯಲ್ಲಿ ಜೀರಿಗೆ, ಬೆಳ್ಳುಳ್ಳಿ ಬಾಡಿಸಿ ಕುಕ್ಕರಿನಲ್ಲಿ ಬೇಯಿಸಿ. ಮಸ್ಸೊಪ್ಪಿಗೆ ಮಾಡುವಂತೆ ಮಸೆಯಿರಿ. ಬೇಳೆಯೇ ಗಟ್ಟಿ ಮಾಡುತ್ತದೆ, ಕಾರ್ನ್‌ಫ್ಲೋರ್ ಬೇಡ. ಇದು ಸುಮಾರು 200 ಕ್ಯಾಲೊರಿ, ಹೊಟ್ಟೆಯಲ್ಲಿ ನಿಲ್ಲುತ್ತದೆ. ಒಂದು ದೊಡ್ಡ ಚಮಚ ಬೆಣ್ಣೆಯಲ್ಲೇ ನೂರು ಕ್ಯಾಲೊರಿ ಇದೆ, ಹೋಟೆಲಿನ ಸೂಪು ಕುಡಿಯುವಾಗ ಅದು ನೆನಪಿರಲಿ. ಪ್ಯಾಕೆಟ್ ಸೂಪಿನಲ್ಲಿ ಉಪ್ಪು ಜಾಸ್ತಿ. ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತಲು ನಿಂಬೆರಸ ಬೇಕು, ಊಟದ ಬೆನ್ನಿಗೇ ಕಾಫಿ ಬೇಡ.

ನನ್ನ ಪಾಲಿನ ಸಲಹೆ ಬೇರೆ. ಸೂಪು ಮನೆಮಂದಿಗೆಲ್ಲ ಒಂದೇ ಪಾತ್ರೆಯಲ್ಲಿ. ರಾತ್ರಿ ಎಲ್ಲರ ಜೊತೆ ಕೂತು ಮೊದಲು ಸೂಪು, ಆಮೇಲೆ ಅರ್ಧ ಮುದ್ದೆ. ಮಧ್ಯಾಹ್ನ ಸರಿಯಾದ ಊಟ. ತಕ್ಕಡಿ ವಾರಕ್ಕೊಮ್ಮೆ ಮಾತ್ರ. ಸಂಜೆ ಐದಕ್ಕೆ ತಟ್ಟೆಯಲ್ಲಿ ಎರಡು ಚಕ್ಕುಲಿ, ಕೂತು, ಎಲ್ಲರ ಎದುರಿಗೆ.

"ಚಕ್ಕುಲಿ ತಿನ್ನಿ ಅಂತಿದ್ದೀರಾ ಮೇಡಂ?"

ಹೌದು ಎಂದೆ.

ಎರಡು ತಿಂಗಳಿಗೆ ಎರಡು ಕಿಲೋ ಇಳಿದಿದ್ದಾರೆ. ಅವರಿಗೆ ಇದು ಸಾಲದು, ಮುಖದಲ್ಲೇ ಕಾಣುತ್ತದೆ. ನಿದ್ದೆ ಪರವಾಗಿಲ್ಲವಂತೆ. ಅತ್ತೆ ಒಂದು ದಿನ ಬಟ್ಟಲು ಮೂಸಿ, "ಕಟ್ಟಿಗೆ ಸೂಪು ಅಂತ ಹೆಸರು ಬೇರೆ" ಎಂದು ತಾವೂ ಒಂದು ಲೋಟ ಬಗ್ಗಿಸಿಕೊಂಡರಂತೆ. ಮುಂದಿನ ತಿಂಗಳು ನಾದಿನಿಯ ಮನೆಯ ಗೃಹಪ್ರವೇಶ. ಅಲ್ಲಿ ಮತ್ತೆ ಅದೇ ಮಾತು ಬಂದರೆ ಏನು ಹೇಳಬೇಕು ಎಂದು ಈಗ ಇಬ್ಬರೂ ಕೂತು ಅಭ್ಯಾಸ ಮಾಡುತ್ತಿದ್ದೇವೆ. ನಾದಿನಿಯ ಪಾತ್ರ ನನ್ನದು.